ಮುಸುಕಿನಡಿಯ ಒಂದು ಹನಿ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಕೂತ ಹಿರಿಯರು ಇದನ್ನು ಪಂಚಾಂಗ ಓದಿದಷ್ಟೇ ನಂಬಿಕೆಯಿಂದ ಹೇಳುತ್ತಾರೆ. ಆದರೆ ಮಾತು ತಪ್ಪು. ಬಸಿರಿನೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಗಳಿಕೆ. ಎಂಟು ತಿಂಗಳ ಕೂಸಿಗೆ ಏಳು ತಿಂಗಳದ್ದಕ್ಕಿಂತ ಬದುಕುವ ಅವಕಾಶ ಹೆಚ್ಚೇ ಹೊರತು ಕಡಿಮೆಯಲ್ಲ. ಏಕೆ ಎನ್ನುವುದು ಗೊತ್ತಾಗಬೇಕಾದರೆ ಮಗುವಿನ ಯಕೃತ್ತಿನೊಳಕ್ಕೆ ಒಮ್ಮೆ ಇಣುಕಬೇಕು.

ಅಲ್ಲೊಂದು ಕಣಜವಿದೆ. ಬಸಿರಿನ ಕೊನೆಯ ಮೂರು ತಿಂಗಳು ಅದಕ್ಕೆ ಸುಗ್ಗಿ ಕಾಲ. ತಾಯಿಯ ರಕ್ತದಿಂದ ಮಾಸಿನ ಮೂಲಕ ಹರಿದು ಬರುವ ಗ್ಲೂಕೋಸಿನಲ್ಲಿ ಆ ಹೊತ್ತಿನ ಖರ್ಚು ಕಳೆದು ಮಿಕ್ಕಿದ್ದನ್ನು ಮಗು ಗ್ಲೈಕೋಜೆನ್ ಆಗಿಸಿ ಯಕೃತ್ತಿನಲ್ಲಿ ಕೂಡಿಡುತ್ತದೆ. ಚರ್ಮದಡಿ ಕೊಬ್ಬು ಸೇರುವುದೂ ಆಗಲೇ. 36ನೇ ವಾರ ದಾಟಿದ ಮೇಲೆ ಈ ಕೂಡಿಕೆ ಇನ್ನೂ ಬಿರುಸಾಗುತ್ತದೆ. ಹೀಗಿರುವಾಗ 28 ವಾರಕ್ಕೇ ಹೊರಗೆ ಬಂದ ಮಗು ಸುಗ್ಗಿ ಶುರುವಾಗುವ ಮೊದಲೇ ಹೊಲ ಬಿಟ್ಟು ಬಂದಿರುತ್ತದೆ. ಕಣಜದ ತಳದಲ್ಲಿ ನಾಲ್ಕು ಕಾಳು ಇದ್ದರೆ ಇದ್ದವು.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಹಾಗೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ, ಅದರಲ್ಲಿ ಸುಮಾರು 30 ಲಕ್ಷ ಭಾರತದವು. ಬೇರೆ ಯಾವ ದೇಶದಲ್ಲೂ ಇಷ್ಟು ಮಕ್ಕಳು ದಿನ ತುಂಬದೆ ಹುಟ್ಟುವುದಿಲ್ಲ. ಬಹುಪಾಲು ಮಕ್ಕಳಿಗೆ ಬೇಕಾದದ್ದು ಬೆಚ್ಚಗಿನ ಆಸರೆ, ತಾಯಿಯ ಹಾಲು, ಸೋಂಕಿನಿಂದ ರಕ್ಷಣೆ, ಉಸಿರಿಗೆ ಒಂದಷ್ಟು ನೆರವು. ಕೆಲವು ಮಕ್ಕಳು ಮಾತ್ರ ಆಪರೇಷನ್ ಮೇಜಿನ ಮೇಲೂ ಮಲಗಬೇಕಾಗುತ್ತದೆ. ಈ ಬರಹ ಆ ಕೆಲವರ ಬಗ್ಗೆ, ಅದರಲ್ಲೂ ಮೇಜಿನ ಮೇಲಿನ ಒಂದೆರಡು ಗಂಟೆಗಳಲ್ಲಿ ಅವರ ರಕ್ತದ ಸಕ್ಕರೆಯನ್ನು ಕಾಯುವ ಕೆಲಸದ ಬಗ್ಗೆ.

ಒಂದು ಲೆಕ್ಕ ಹಾಕೋಣ. ಮಗುವಿನ ತೂಕ 900 ಗ್ರಾಂ ಎಂದಿಟ್ಟುಕೊಳ್ಳಿ, ನಂದಿನಿ ಹಾಲಿನ ಒಂದು ಲೀಟರ್ ಪೊಟ್ಟಣಕ್ಕಿಂತ ಹಗುರ. ಅದರ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 85 ಮಿಲಿಲೀಟರ್. ಹೋಟೆಲಿನಲ್ಲಿ ಬೈಟು ಕಾಫಿ ಕೊಡುವ ಸಣ್ಣ ಲೋಟಕ್ಕೆ ಅಷ್ಟು ಸಾಕು. ಸಕ್ಕರೆಯ ಮಟ್ಟ ಡೆಸಿಲೀಟರಿಗೆ 60 ಮಿಲಿಗ್ರಾಂ ಇದ್ದರೆ ಆ ರಕ್ತದಲ್ಲಿ ಒಟ್ಟು ಇರುವ ಸಕ್ಕರೆ 50 ಮಿಲಿಗ್ರಾಂ ಚಿಲ್ಲರೆ, ಒಂದು ಚಿಟಿಕೆಗೂ ಕಡಿಮೆ. ಇಂಥ ಮಗು ತೂಕದ ಕಿಲೋ ಒಂದಕ್ಕೆ ನಿಮಿಷಕ್ಕೆ 6ರಿಂದ 8 ಮಿಲಿಗ್ರಾಂ ಸಕ್ಕರೆ ಉರಿಸುತ್ತದೆ. ತೂಕಕ್ಕೆ ಹೋಲಿಸಿದರೆ ದೊಡ್ಡವರ ಖರ್ಚಿನ ಸುಮಾರು ಮೂರು ಪಟ್ಟು. 6 ಎಂದೇ ಹಿಡಿದರೂ ನಿಮಿಷಕ್ಕೆ 5.4 ಮಿಲಿಗ್ರಾಂ ಆಯಿತು. ಅಂದರೆ ರಕ್ತದಲ್ಲಿರುವ ಅಷ್ಟೂ ಸಕ್ಕರೆ ಹತ್ತು ನಿಮಿಷದ ಖರ್ಚು. ಜೀವಕೋಶಗಳ ಸುತ್ತಲಿನ ನೀರಿನಲ್ಲಿ ಇನ್ನಷ್ಟು ಇರುತ್ತದೆ, ಯಕೃತ್ತು ಅಷ್ಟೋ ಇಷ್ಟೋ ತಯಾರಿಸಿ ಕೊಡುತ್ತದೆ, ಹಾಗಾಗಿ ಹತ್ತನೇ ನಿಮಿಷಕ್ಕೆ ಎಲ್ಲ ಮುಗಿಯುವುದಿಲ್ಲ. ಆದರೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ದಿನವಿಡೀ ಕೂಡಿಸಿದರೆ ಈ ಮಗುವಿಗೆ ಬೇಕಾದ ಸಕ್ಕರೆ ಎಂಟು ಗ್ರಾಂ ಮುಟ್ಟುವುದಿಲ್ಲ. ನಾವು ಎರಡು ಲೋಟ ಕಾಫಿಗೆ ಹಾಕಿಕೊಳ್ಳುವಷ್ಟು. ಆ ಎರಡು ಚಮಚ ಒಮ್ಮೆಗೇ ಬಂದರೂ ಕೇಡು, ಬರುವುದು ತಡವಾದರೂ ಕೇಡು. ನಿಮಿಷ ನಿಮಿಷಕ್ಕೂ ಅಳೆದು ಬರಬೇಕು.

ಇಷ್ಟು ಸಕ್ಕರೆ ತಿನ್ನುವುದು ಮುಖ್ಯವಾಗಿ ಮೆದುಳು. ದೊಡ್ಡವರ ಮೆದುಳು ಮೈತೂಕದ ಐವತ್ತರಲ್ಲಿ ಒಂದು ಪಾಲು, ಹಸುಗೂಸಿನದು ಎಂಟರಲ್ಲಿ ಒಂದು ಪಾಲಿನಷ್ಟು. ತುಂಬು ದಿನದ ಮಗುವಿಗೆ ಸಕ್ಕರೆ ಕಡಿಮೆಯಾದರೆ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಇನ್ನೊಂದು ಇಂಧನ ಮಾಡಿಕೊಂಡು ಮೆದುಳನ್ನು ಸಾಕುವ ಉಪಾಯ ಗೊತ್ತು. ದಿನ ತುಂಬದ ಮಗುವಿಗೆ ಕರಗಿಸಲು ಕೊಬ್ಬಿಲ್ಲ, ಕರಗಿಸುವ ಕಿಣ್ವಗಳೂ ಇನ್ನೂ ಬಲಿತಿಲ್ಲ. ದೀಪಕ್ಕೆ ಎಣ್ಣೆ ಒಂದೇ ಡಬ್ಬಿಯಿಂದ.

ಹಾಗಾದರೆ ಎಷ್ಟಕ್ಕೆ ಇಳಿದರೆ ಕಡಿಮೆ? ವೈದ್ಯಶಾಸ್ತ್ರ ನಾಲ್ಕು ದಶಕಗಳಿಂದ ಈ ಪ್ರಶ್ನೆಯೊಂದಿಗೆ ಗುದ್ದಾಡುತ್ತಿದೆ. 1988ರಲ್ಲಿ ಬ್ರಿಟನ್ನಿನ ಆಲನ್ ಲ್ಯೂಕಸ್ ಮತ್ತು ಸಂಗಡಿಗರು 661 ಅವಧಿಪೂರ್ವ ಶಿಶುಗಳನ್ನು ಗಮನಿಸಿದ ವರದಿ ಪ್ರಕಟಿಸಿದರು. ಸಕ್ಕರೆ ಡೆಸಿಲೀಟರಿಗೆ 47 ಮಿಲಿಗ್ರಾಮಿಗಿಂತ ಕೆಳಗೆ ಐದು ಅಥವಾ ಹೆಚ್ಚು ದಿನ ಇಳಿದಿದ್ದ ಮಕ್ಕಳ ಬುದ್ಧಿ ಮತ್ತು ಚಲನೆಯ ಬೆಳವಣಿಗೆ ಹಿಂದೆ ಬಿದ್ದದ್ದು ಅದರಲ್ಲಿ ಕಂಡಿತು. 47 ಎಂಬ ಅಂಕಿ ಅಂದಿನಿಂದ ವಾರ್ಡುಗಳಲ್ಲಿ ನೆಲೆಯಾಯಿತು. 2012ರಲ್ಲಿ ಉತ್ತರ ಇಂಗ್ಲೆಂಡಿನ ಇನ್ನೊಂದು ಗುಂಪಿನ ಮಕ್ಕಳನ್ನು ಹದಿನೈದು ವರ್ಷದವರೆಗೆ ಹಿಂಬಾಲಿಸಿದವರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ನೆದರ್ಲೆಂಡ್ಸಿನ ವೈದ್ಯರು 35 ವಾರ ದಾಟಿ ಹುಟ್ಟಿದ 689 ಶಿಶುಗಳಲ್ಲಿ 36ಕ್ಕೆ ಚಿಕಿತ್ಸೆ ಶುರು ಮಾಡುವುದನ್ನೂ 47ಕ್ಕೆ ಶುರು ಮಾಡುವುದನ್ನೂ ಹೋಲಿಸಿ, ಒಂದೂವರೆ ವರ್ಷದ ಹೊತ್ತಿಗೆ ಎರಡೂ ಗುಂಪುಗಳ ಬೆಳವಣಿಗೆ ಒಂದೇ ಮಟ್ಟದಲ್ಲಿದೆ ಎಂದರು. ಆದರೆ ಅವು ಸಾಕಷ್ಟು ಬಲಿತು ಹುಟ್ಟಿದ, ಆಪರೇಷನ್ ಕಾಣದ ಮಕ್ಕಳು. 900 ಗ್ರಾಂ ಕೂಸು ಅರಿವಳಿಕೆಯಲ್ಲಿ ಮಲಗಿರುವಾಗ ಆ ಸಡಿಲಿಕೆಯನ್ನು ತಂದು ಅನ್ವಯಿಸುವ ಧೈರ್ಯ ಯಾರೂ ಮಾಡಬಾರದು ಎಂದೇ ನನ್ನ ಅನಿಸಿಕೆ. ಥಿಯೇಟರಿನಲ್ಲಿ ಸಕ್ಕರೆಯನ್ನು 45, 50ರ ಕೆಳಗೆ ಇಳಿಯಗೊಡದಂತೆ, 150, 180ರ ಮೇಲೆ ಏರಗೊಡದಂತೆ ಹಿಡಿದಿಡುವುದು ಸಾಮಾನ್ಯ ರೂಢಿ. ಸಾವಿರಾರು ಮಕ್ಕಳ ಸರಾಸರಿ ಏನೇ ಹೇಳಲಿ, ಮೇಜಿನ ಮೇಲಿರುವುದು ಒಂದೇ ಮಗು.

ಅಂಥ ಮಗುವಿಗೆ ಆಪರೇಷನ್ ಏಕೆ ಬೇಕಾಗುತ್ತದೆ? ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ನಡುವೆ ಗರ್ಭದಲ್ಲಿ ಇದ್ದ ಅಡ್ಡದಾರಿ ಹುಟ್ಟಿದ ಮೇಲೆ ಮುಚ್ಚಿಕೊಳ್ಳದೆ ಉಳಿದರೆ ಅದನ್ನು ಕಟ್ಟಬೇಕಾಗುತ್ತದೆ. ಎಳೆ ಕರುಳು ಉರಿದು ಕೊಳೆತು ತೂತು ಬೀಳುವ ಎನ್‌ಇಸಿ ಎಂಬ ಕಾಯಿಲೆ ಬಂದರೆ ಹೊಟ್ಟೆ ತೆರೆಯಬೇಕಾಗುತ್ತದೆ. ಅನ್ನನಾಳ ಅರ್ಧಕ್ಕೇ ನಿಂತಿರಬಹುದು, ತಲೆಯಲ್ಲಿ ನೀರು ತುಂಬಿಕೊಳ್ಳಬಹುದು. ಸ್ವಲ್ಪ ಬೆಳೆದ ಮೇಲೆ ತೊಡೆಸಂದಿಯ ಹರ್ನಿಯಾ ಬರಬಹುದು, ಬೇಗ ಹುಟ್ಟಿದ ಗಂಡುಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಎಷ್ಟೋ ಬಾರಿ ಮಗುವನ್ನು ಥಿಯೇಟರಿಗೆ ಸಾಗಿಸುವುದೇ ಅಪಾಯ ಅನ್ನಿಸಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಅದು ಮಲಗಿದ್ದ ವಾರ್ಮರಿನ ಮೇಲೆಯೇ ಶಸ್ತ್ರಚಿಕಿತ್ಸೆ ಮುಗಿಸುತ್ತಾರೆ.

ವಾರ್ಡಿನಲ್ಲಿ ಇರುವಷ್ಟು ಹೊತ್ತು ಸಕ್ಕರೆ ಬಿದ್ದರೆ ಮಗು ಹೇಗೋ ಹೇಳುತ್ತದೆ. ಕೈಕಾಲು ನಡುಗುತ್ತವೆ. ಮಂಕಾಗಿ ಬೀಳುತ್ತದೆ, ಅಳು ಕೀರಲಾಗುತ್ತದೆ, ಬಾಯಿಗೆ ಇಟ್ಟ ಹಾಲು ಎಳೆಯುವುದಿಲ್ಲ, ಉಸಿರು ನಡುವೆ ನಿಂತು ಹೋಗುತ್ತದೆ. ಕೆಲವು ಸಲ ಫಿಟ್ಸ್ ಬರುತ್ತದೆ. ಪಳಗಿದ ನರ್ಸ್ ಇವನ್ನು ದೂರದಿಂದಲೇ ಗುರುತಿಸುತ್ತಾರೆ. ಈಗ ಅದೇ ಮಗುವಿಗೆ ಅರಿವಳಿಕೆ ಕೊಡಿ. ಸ್ನಾಯು ಸಡಿಲಿಸುವ ಔಷಧಿಯಿಂದ ನಡುಕ ಹೋಯಿತು, ಫಿಟ್ಸ್ ಬಂದರೂ ಹೊರಗೆ ಕಾಣದು. ಉಸಿರು ಯಂತ್ರದ್ದು. ಅಳುವ ಗಂಟಲಿನಲ್ಲಿ ಕೊಳವೆ. ಮೈಮೇಲೆ ಹಸಿರು ಬಟ್ಟೆಯ ಮುಸುಕು, ಕಾಣುವುದು ಶಸ್ತ್ರವೈದ್ಯರಿಗೆ ಬೇಕಾದ ಅಂಗೈ ಅಗಲದ ಜಾಗ ಮಾತ್ರ. ಹೃದಯ ಬಡಿತವೋ ರಕ್ತದೊತ್ತಡವೋ ಏರುಪೇರಾದರೆ ಅದಕ್ಕೆ ಹತ್ತು ಬೇರೆ ಕಾರಣಗಳಿರಬಹುದು. ಸಕ್ಕರೆಯ ವಿಚಾರದಲ್ಲಿ ಮಗುವಿನ ಬಾಯಿ ಪೂರ್ತಿ ಕಟ್ಟಿದೆ. ಮುಸುಕಿನ ಅಂಚಿನಿಂದ ಹೊರಗಿರುವ ಒಂದು ಪುಟ್ಟ ಹಿಮ್ಮಡಿಯಿಂದಲೋ, ಮೊದಲೇ ಹಾಕಿಟ್ಟ ಧಮನಿಯ ಕೊಳವೆಯಿಂದಲೋ ತೆಗೆದ ಒಂದು ಹನಿ ರಕ್ತವನ್ನು ಯಾರಾದರೂ ಕೇಳಿದರೆ ಮಾತ್ರ ಉತ್ತರ ಬರುತ್ತದೆ. ಕೇಳದಿದ್ದರೆ ಇಲ್ಲ.

ಅಪಾಯ ಮೊದಲ ಗೆರೆ ಕೊಯ್ಯುವುದಕ್ಕೂ ಮುಂಚೆಯೇ ಶುರುವಾಗುತ್ತದೆ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಾರದೆಂದು ತಾಯಿಯ ಹಾಲನ್ನು ಸಾಮಾನ್ಯವಾಗಿ ನಾಲ್ಕು ಗಂಟೆ ಮೊದಲು ನಿಲ್ಲಿಸುತ್ತಾರೆ. ಹಿಂದಿನ ಆಪರೇಷನ್ ಎಳೆದರೆ ನಾಲ್ಕು ಆರಾಗುತ್ತದೆ, ಆರು ಎಂಟಾಗುತ್ತದೆ. ಡ್ರಿಪ್ ಇಲ್ಲದ ಮಗುವಾದರೆ ಅಷ್ಟು ಹೊತ್ತೂ ಬರಿ ಕಣಜವನ್ನೇ ಕೆರೆಯಬೇಕು. ರಕ್ತನಾಳದ ಮೂಲಕ ಪೂರ್ಣ ಪೋಷಣೆ ಪಡೆಯುತ್ತಿರುವ ಮಗುವಿನದು ಇನ್ನೊಂದು ತೊಡಕು. ಸಾಗಿಸುವಾಗ ಇಷ್ಟೊಂದು ಕೊಳವೆ ಬೇಡ, ಹತ್ತು ನಿಮಿಷ ತಾನೇ ಎಂದು ಆ ದ್ರವವನ್ನು ತಟ್ಟನೆ ನಿಲ್ಲಿಸಿದರೆ, ಅದುವರೆಗೆ ಬರುತ್ತಿದ್ದ ಸಕ್ಕರೆಗೆ ತಕ್ಕಂತೆ ಏರಿದ್ದ ಇನ್ಸುಲಿನ್ ರಕ್ತದಲ್ಲಿ ಹಾಗೆಯೇ ಉಳಿದಿರುತ್ತದೆ. ಬರುವುದು ನಿಂತು ಖರ್ಚು ನಡೆಯುತ್ತಲೇ ಇದ್ದರೆ ಸಕ್ಕರೆ ಕುಸಿಯುತ್ತದೆ. ಇದರ ಜೊತೆಗೆ ಚಳಿ. ಕಾರಿಡಾರಿನ ಗಾಳಿ, ಲಿಫ್ಟಿನ ಕಾಯುವಿಕೆ, ದೊಡ್ಡವರಿಗೆ ಹಿತವಾಗುವಂತೆ ತಂಪು ಮಾಡಿದ ಥಿಯೇಟರ್. ಮೈ ತಣ್ಣಗಾದ ಕೂಸು ಬಿಸಿ ಹುಟ್ಟಿಸಲು ಇದ್ದ ಬದ್ದ ಸಕ್ಕರೆಯನ್ನು ಉರಿಸುತ್ತದೆ. ನವಜಾತ ಶಿಶುಗಳ ಸಾಗಣೆಗಾಗಿ ಅಮೆರಿಕದಲ್ಲಿ ರೂಪುಗೊಂಡ ‘ಸ್ಟೇಬಲ್’ ಎಂಬ ತರಬೇತಿಯಿದೆ. ಆ ಹೆಸರಿನ ಒಂದೊಂದು ಅಕ್ಷರವೂ ನೋಡಬೇಕಾದ ಒಂದೊಂದು ಸಂಗತಿ. ಮೊದಲನೆಯದು ಶುಗರ್, ಎರಡನೆಯದು ಟೆಂಪರೇಚರ್.

ಇಷ್ಟು ಕೇಳಿದವರಿಗೆ ಆಪರೇಷನ್ನಿನಲ್ಲಿ ಸಕ್ಕರೆ ಇಳಿಯುವುದೊಂದೇ ಭಯ ಅನ್ನಿಸಬಹುದು. ಆದರೆ ಚಾಕು ತಗುಲಿದ ಮೇಲೆ ಅದು ಬಹುಮಟ್ಟಿಗೆ ಏರುತ್ತದೆ. ಏರಿಕೆಯ ಕಥೆಯಲ್ಲಿ ವೈದ್ಯಕೀಯದ ಒಂದು ದೊಡ್ಡ ತಪ್ಪೊಪ್ಪಿಗೆಯೂ ಇದೆ.

1980ರ ದಶಕದವರೆಗೂ ಹಸುಗೂಸಿಗೆ, ಅದರಲ್ಲೂ ದಿನ ತುಂಬದ ಕೂಸಿಗೆ, ನೋವು ಗೊತ್ತಾಗುವುದಿಲ್ಲ ಎಂದು ಅನೇಕ ವೈದ್ಯರು ನಂಬಿದ್ದರು. ನರಗಳು ಬಲಿತಿಲ್ಲ, ನೆನಪು ಉಳಿಯದು, ನೋವಿನ ಔಷಧಿ ಕೊಟ್ಟರೆ ಹೃದಯ ತಾಳದು ಎಂಬುದು ಅವರ ಸಮಜಾಯಿಷಿ. ಹಾಗಾಗಿ ಸ್ನಾಯು ಸಡಿಲಿಸುವ ಕ್ಯುರಾರೆ ಮಾದರಿಯ ಔಷಧಿ ಮತ್ತು ನೈಟ್ರಸ್ ಆಕ್ಸೈಡ್ ಅನಿಲ, ಇಷ್ಟರಲ್ಲೇ ಎದೆ ತೆರೆಯುವ ಆಪರೇಷನ್ನುಗಳು ನಡೆಯುತ್ತಿದ್ದವು. ಕೆಲವೆಡೆ ಅನಿಲವೂ ಇರಲಿಲ್ಲ. ಮಗು ಅಲುಗಾಡುತ್ತಿರಲಿಲ್ಲ, ಅಲುಗಾಡುವ ಶಕ್ತಿಯನ್ನೇ ಕಿತ್ತುಕೊಂಡಿದ್ದರಲ್ಲ.

ಇಂದೋರಿನಲ್ಲಿ ವೈದ್ಯಕೀಯ ಓದಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಎಂಬ ಯುವ ವೈದ್ಯರಿಗೆ ಒಂದು ಸಂಗತಿ ಕಾಡಿತು. ವಾರ್ಡಿನಿಂದ ಚೆನ್ನಾಗಿಯೇ ಹೋದ ಮಗು ಥಿಯೇಟರಿನಿಂದ ಮರಳುವಾಗ ಬೂದಿ ಬಣ್ಣಕ್ಕೆ ತಿರುಗಿ, ನಾಡಿ ಕುಗ್ಗಿ ಬರುವುದೇಕೆ? ಮಗುವನ್ನು ಕೇಳುವಂತಿಲ್ಲ. ಅವರು ರಕ್ತವನ್ನು ಕೇಳಿದರು. ಹೃದಯದ ಬಳಿಯ ಅಡ್ಡದಾರಿ ಕಟ್ಟುವ ಆಪರೇಷನ್ನಿಗೆ ಬಂದ 16 ಅವಧಿಪೂರ್ವ ಶಿಶುಗಳಲ್ಲಿ ಎಂಟಕ್ಕೆ ಆಗಿನ ರೂಢಿಯ ಅರಿವಳಿಕೆ, ಉಳಿದ ಎಂಟಕ್ಕೆ ಅದರ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ. 1987ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಎರಡು ಅರ್ಥಕ್ಕೆ ಎಡೆಯಿಲ್ಲದಂತಿತ್ತು. ಫೆಂಟನಿಲ್ ಸಿಗದ ಮಕ್ಕಳ ರಕ್ತದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್, ಗ್ಲುಕಗಾನ್ ಎಲ್ಲವೂ ಹೆಚ್ಚು ಜಿಗಿದಿದ್ದವು. ಅವುಗಳ ಬೆನ್ನಿಗೇ ಸಕ್ಕರೆ ಮತ್ತು ಲ್ಯಾಕ್ಟೇಟ್. ಆಪರೇಷನ್ ನಂತರದ ತೊಡಕುಗಳೂ ಆ ಗುಂಪಿಗೇ ಹೆಚ್ಚು. ಅದೇ ಹೊತ್ತಿಗೆ ಅಮೆರಿಕದಲ್ಲಿ, ತನ್ನ ದಿನ ತುಂಬದ ಮಗುವಿಗೆ ನೋವು ಮರೆಸದೆಯೇ ಎದೆ ತೆರೆಯಲಾಗಿತ್ತೆಂದು ಮಗು ತೀರಿಕೊಂಡ ಮೇಲೆ ತಿಳಿದ ತಾಯಿಯೊಬ್ಬರು ಅದನ್ನು ಲೋಕದ ಮುಂದಿಟ್ಟಿದ್ದರು. ಆ ವರ್ಷವೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಲೇಬೇಕೆಂಬ ನಿಲುವನ್ನು ಪ್ರಕಟಿಸಿತು.

ಓದಿದಾಗಲೆಲ್ಲ ಎದೆ ಭಾರವಾಗುವ ಅಧ್ಯಾಯವಿದು. ಮಾತು ಬಾರದ, ಕೈಯೆತ್ತಲಾಗದ ಕೂಸುಗಳ ಪರವಾಗಿ ಸಾಕ್ಷಿ ನುಡಿದವುಗಳಲ್ಲಿ ರಕ್ತದ ಸಕ್ಕರೆಯೂ ಒಂದು. ಇಂದಿಗೂ ಆಪರೇಷನ್ ನಡುವೆ ಸಕ್ಕರೆ ಕಾರಣವಿಲ್ಲದೆ 200 ದಾಟಿದರೆ ಒಳ್ಳೆಯ ಅರಿವಳಿಕೆ ತಜ್ಞರು ಡ್ರಿಪ್ಪಿನ ಕಡೆ ನೋಡುವುದರ ಜೊತೆಗೇ ಇನ್ನೊಂದನ್ನೂ ಕೇಳಿಕೊಳ್ಳುತ್ತಾರೆ: ಇದಕ್ಕೆ ನೋವಾಗುತ್ತಿದೆಯೇ?

ಏರಿದ ಸಕ್ಕರೆಯಿಂದ ಕೇಡೇನು ಎಂದರೆ, ಎಳೆ ಮೂತ್ರಪಿಂಡ ಅದನ್ನು ಹಿಡಿದಿಡಲಾರದೆ ಹೊರಗೆ ಬಿಡುತ್ತದೆ, ಸಕ್ಕರೆಯ ಜೊತೆ ನೀರೂ ಹೋಗುತ್ತದೆ. ಕಿಲೋ ತೂಕವಿಲ್ಲದ ಮೈಯಲ್ಲಿ ಹೋಗಲು ನೀರಾದರೂ ಎಷ್ಟಿದೆ? ಬಹಳ ಹೊತ್ತು ಏರಿಯೇ ಇದ್ದ ಮಕ್ಕಳಲ್ಲಿ ಮೆದುಳಿನ ರಕ್ತಸ್ರಾವ, ಕಣ್ಣಿನ ಅಕ್ಷಿಪಟಲದ ಕಾಯಿಲೆ ಹೆಚ್ಚು ಕಂಡಿವೆ. ಸಕ್ಕರೆಯೇ ಕಾರಣವೋ, ಬಳಲಿದ ಮಗುವಿನಲ್ಲಿ ಎರಡೂ ಒಟ್ಟಿಗೆ ಬರುತ್ತವೋ ಎಂಬ ಚರ್ಚೆ ಮುಗಿದಿಲ್ಲ. ಹಾಗಾದರೆ ಇನ್ಸುಲಿನ್ ಕೊಟ್ಟು ಇಳಿಸಿಬಿಡೋಣವೇ? ಯೂರೋಪಿನಲ್ಲಿ ತೀರಾ ಕಡಿಮೆ ತೂಕದ ಶಿಶುಗಳಿಗೆ ಮೊದಲ ದಿನದಿಂದಲೇ ಇನ್ಸುಲಿನ್ ಕೊಟ್ಟು ನೋಡಿದ ‘ನರ್ಚರ್’ ಪ್ರಯೋಗದ ವರದಿ 2008ರಲ್ಲಿ ಬಂತು. ಸಕ್ಕರೆ ಕುಸಿದ ಪ್ರಸಂಗಗಳು ಹೆಚ್ಚಿದವು, ಲಾಭ ಕಾಣಲಿಲ್ಲ, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದ್ದರಿಂದ ಮೊದಲ ಹೆಜ್ಜೆ ಬರುವ ಸಕ್ಕರೆಯನ್ನು ತಗ್ಗಿಸುವುದು, ನೋವನ್ನು ಸರಿಯಾಗಿ ಮರೆಸುವುದು. ಇನ್ಸುಲಿನ್ ತೀರಾ ಕೊನೆಗೆ.

ಬರುವ ಸಕ್ಕರೆ ಎಲ್ಲೆಲ್ಲಿಂದ ಬರುತ್ತದೆ ಎಂದು ಹುಡುಕುವುದೇ ಒಂದು ಪತ್ತೇದಾರಿ ಕೆಲಸ. ನಮ್ಮ 900 ಗ್ರಾಂ ಮಗುವಿಗೆ ನಿಮಿಷಕ್ಕೆ 5.4 ಮಿಲಿಗ್ರಾಂ ಬೇಕಲ್ಲವೇ? ಡ್ರಿಪ್ಪಿನಲ್ಲಿ ಕೊಡುವ ಸಕ್ಕರೆ ದ್ರವವಾದ 10 ಶೇಕಡಾ ಡೆಕ್ಸ್ಟ್ರೋಸಿನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಿಂಜ್ ಪಂಪನ್ನು ಗಂಟೆಗೆ 3.2 ಮಿಲಿಲೀಟರಿಗೆ ಇಟ್ಟರೆ ಲೆಕ್ಕ ಸರಿಹೋಯಿತು. ನಿಮಿಷಕ್ಕೆ ಹೆಚ್ಚೂಕಡಿಮೆ ಒಂದೇ ಒಂದು ಹನಿ. ಈ ಹನಿ ನಿಲ್ಲಬಾರದು, ಹೆಚ್ಚಲೂಬಾರದು. ಅದಕ್ಕೇ ರಕ್ತ ಹೋದದ್ದಕ್ಕೆ, ತೆರೆದ ಹೊಟ್ಟೆಯಿಂದ ನೀರು ಆರಿದ್ದಕ್ಕೆ ತುಂಬಿಕೊಡುವ ದ್ರವದಲ್ಲಿ ಸಕ್ಕರೆ ಇರಕೂಡದು. ಅದು ಬೇರೆ ಕೊಳವೆ, ಬೇರೆ ಲೆಕ್ಕ. ಎರಡನ್ನೂ ಬೆರೆಸಿ, ರಕ್ತದೊತ್ತಡ ಇಳಿಯಿತೆಂದು ಡೆಕ್ಸ್ಟ್ರೋಸನ್ನೇ ಬೇಗ ಬೇಗ ಹರಿಸಿದರೆ ಸಕ್ಕರೆ 400ಕ್ಕೆ ನೆಗೆಯಲು ಹೆಚ್ಚು ಹೊತ್ತು ಬೇಡ. ಇನ್ನು ಕಣ್ಣಿಗೆ ಬೀಳದ ಮೂಲಗಳು. ಆ್ಯಂಟಿಬಯೋಟಿಕ್ಕನ್ನು 5 ಶೇಕಡಾ ಡೆಕ್ಸ್ಟ್ರೋಸಿನ ಎರಡು ಮಿಲಿಲೀಟರಿನಲ್ಲಿ ಕರಗಿಸಿ ಕೊಟ್ಟರೆ ಅದರಲ್ಲೇ 100 ಮಿಲಿಗ್ರಾಂ ಸಕ್ಕರೆ ಹೋಯಿತು. ಈ ಮಗುವಿನ ಹದಿನೆಂಟು ನಿಮಿಷದ ಊಟ ಅದು. ರಕ್ತ ಕೆಡದಿರಲೆಂದು ಚೀಲದಲ್ಲಿ ಬೆರೆಸಿಟ್ಟ ದ್ರವದಲ್ಲೂ ಡೆಕ್ಸ್ಟ್ರೋಸ್ ಇರುತ್ತದೆ. ರಕ್ತ ಕೊಡುವಾಗ ಸಕ್ಕರೆ ಏರಿ, ಕೊಡುವುದು ನಿಂತ ಮೇಲೆ ಜಾರುವುದುಂಟು.

ಇಷ್ಟೆಲ್ಲ ನಿಂತಿರುವುದು ಆ ಒಂದು ಹನಿ ಹೇಳುವ ಅಂಕಿಯ ಮೇಲೆ. ಅಂಕಿ ಸುಳ್ಳಾದರೆ?

ಮನೆಮನೆಯಲ್ಲಿರುವ ಗ್ಲೂಕೋಮೀಟರನ್ನು ಮಧುಮೇಹಿಗಳಿಗಾಗಿ ಮಾಡಿದ್ದು. 100ಕ್ಕಿಂತ ಕಡಿಮೆ ಇರುವಾಗ ನಿಜ ಬೆಲೆಯಿಂದ 15 ಮಿಲಿಗ್ರಾಂ ಆಚೀಚೆ ತೋರಿಸಿದರೂ ಅಂತರರಾಷ್ಟ್ರೀಯ ಮಾನದಂಡ ಅದನ್ನು ಒಪ್ಪುತ್ತದೆ. 95 ಇರುವಲ್ಲಿ 110 ತೋರಿಸಿದರೆ ಅಜ್ಜನಿಗೆ ಏನೂ ಆಗದು. 38 ಇರುವ ಕೂಸಿಗೆ 53 ಎಂದು ತೋರಿಸಿದರೆ ಎಲ್ಲರೂ ನಿಟ್ಟುಸಿರು ಬಿಟ್ಟು ಮುಂದಿನ ಹೊಲಿಗೆಗೆ ಹೋಗುತ್ತಾರೆ. ಹುಟ್ಟಿದ ಹೊಸತರಲ್ಲಿ ಮಗುವಿನ ರಕ್ತ ದಪ್ಪ, ಕೆಂಪುಕಣಗಳು ಹೆಚ್ಚು, ಆಗ ಮೀಟರ್ ಕಡಿಮೆ ತೋರಿಸುತ್ತದೆ. ಆಪರೇಷನ್ನಿನಲ್ಲಿ ರಕ್ತ ಹೋಗಿ ತೆಳುವಾದಾಗ ಹೆಚ್ಚು ತೋರಿಸುತ್ತದೆ. ಹಿಮ್ಮಡಿ ಒರೆಸಿದ ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ ತಪ್ಪು, ತಣ್ಣಗಿನ ಪಾದವನ್ನು ಹಿಂಡಿ ಹಿಂಡಿ ತೆಗೆದರೆ ತಪ್ಪು. ಪ್ರಯೋಗಾಲಯಕ್ಕೆ ಕಳಿಸಿದರೆ ನಿಖರ ಉತ್ತರ ಬರುತ್ತದೆ, ಆದರೆ ಕೊಳವೆಯಲ್ಲಿ ಕಾಯುತ್ತಿರುವ ರಕ್ತದ ಕಣಗಳು ಗಂಟೆಗೆ 5ರಿಂದ 7 ಶೇಕಡಾ ಸಕ್ಕರೆಯನ್ನು ತಾವೇ ತಿಂದು ಮುಗಿಸುತ್ತವೆ. ಉತ್ತರ ಬರುವ ಹೊತ್ತಿಗೆ ಪ್ರಶ್ನೆಯೇ ಹಳೆಯದಾಗಿರುತ್ತದೆ. ಬ್ಲಡ್ ಗ್ಯಾಸ್ ಯಂತ್ರ ಥಿಯೇಟರಿನ ಪಕ್ಕದಲ್ಲೇ ಇದ್ದರೆ ಅದು ಎಲ್ಲಕ್ಕಿಂತ ಮೇಲು. ಕೆಲವೇ ಹನಿಯಲ್ಲಿ ಸಕ್ಕರೆ, ಲ್ಯಾಕ್ಟೇಟ್, ಹಿಮೋಗ್ಲೋಬಿನ್ ಎಲ್ಲವನ್ನೂ ನಿಮಿಷದೊಳಗೆ ಹೇಳುತ್ತದೆ. ನಮ್ಮ ಜಿಲ್ಲಾಕೇಂದ್ರಗಳಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆ ನಡೆಯುವ ಕಡೆಯೆಲ್ಲ ಇದೊಂದು ಯಂತ್ರ ಇರಬೇಕೆಂದು ಒತ್ತಾಯಿಸುವುದು ಅತಿಯಾಸೆಯಲ್ಲ.

ತಪ್ಪುಗಳಲ್ಲೆಲ್ಲ ಭಯಂಕರವಾದದ್ದು ಇನ್ನೊಂದಿದೆ. ಡೆಕ್ಸ್ಟ್ರೋಸ್ ಹೋಗುತ್ತಿರುವ ಕೊಳವೆಯಿಂದಲೇ, ಅಥವಾ ಅದೇ ಕೈಯಿಂದ, ರಕ್ತದ ಮಾದರಿ ತೆಗೆಯುವುದು. 10 ಶೇಕಡಾ ಡೆಕ್ಸ್ಟ್ರೋಸ್ ಅಂದರೆ ಡೆಸಿಲೀಟರಿಗೆ 10,000 ಮಿಲಿಗ್ರಾಂ. ತೆಗೆದ ರಕ್ತದಲ್ಲಿ ನೂರಕ್ಕೆ ಒಂದೇ ಪಾಲು ಈ ದ್ರವ ಬೆರೆತರೂ ಅಂಕಿ 100 ಏರುತ್ತದೆ. ನಿಜದಲ್ಲಿ 35 ಇದ್ದ ಸಕ್ಕರೆ 135 ಎಂದು ಕಾಣುತ್ತದೆ. ಚೆಂದದ ಅಂಕಿ. ಅದನ್ನು ನಂಬಿ ಡ್ರಿಪ್ ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಅನುಭವಿಗಳು ತೀರಾ ಹೆಚ್ಚಿನ ಅಂಕಿ ಬಂದಾಗಲೂ, ಮಗುವಿನ ಸ್ಥಿತಿಗೆ ಹೊಂದದಷ್ಟು ಸೊಗಸಾದ ಅಂಕಿ ಬಂದಾಗಲೂ ಬೇರೆ ಜಾಗದಿಂದ ಇನ್ನೊಂದು ಹನಿ ತೆಗೆಯುತ್ತಾರೆ.

ಹಾಗೆಂದು ಮನಬಂದಷ್ಟು ತೆಗೆಯುವಂತಿಲ್ಲ. 85 ಮಿಲಿಲೀಟರ್ ರಕ್ತದ ಮಗುವಿನಿಂದ ತೆಗೆದ ಒಂದು ಮಿಲಿಲೀಟರ್, ದೊಡ್ಡವರಿಂದ 60 ಮಿಲಿಲೀಟರ್ ತೆಗೆದದ್ದಕ್ಕೆ ಸಮ. ಹಿಮ್ಮಡಿ ಚುಚ್ಚುವುದೂ ನೋವೇ. ವಾರ್ಡಿನಲ್ಲಾದರೆ ಚುಚ್ಚುವ ಮುಂಚೆ ನಾಲಿಗೆಗೆ ತಾಯಿಯ ಹಾಲಿನ ಎರಡು ಹನಿ ಬಿಟ್ಟು ಸಮಾಧಾನ ಮಾಡುತ್ತಾರೆ. ಥಿಯೇಟರಿಗೆ ಬಂದ ಕೂಡಲೇ ಒಮ್ಮೆ, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ, ಡ್ರಿಪ್ಪಿನ ವೇಗ ಬದಲಿಸಿದಾಗ ಮತ್ತೊಮ್ಮೆ ಎಂಬ ರೂಢಿ ಬಂದದ್ದು ಈ ಎಲ್ಲ ಎಳೆದಾಟದ ನಡುವಿನಿಂದ. ಸಕ್ಕರೆ ಬಿದ್ದಿದ್ದರೆ 10 ಶೇಕಡಾ ಡೆಕ್ಸ್ಟ್ರೋಸನ್ನು ಕಿಲೋಗೆ ಎರಡು ಮಿಲಿಲೀಟರಿನಂತೆ, ನಮ್ಮ ಮಗುವಿಗೆ 1.8 ಮಿಲಿಲೀಟರ್, ನಿಧಾನವಾಗಿ ಕೊಟ್ಟು, ಪಂಪಿನ ವೇಗ ಏರಿಸಿ, ಮತ್ತೆ ನೋಡುತ್ತಾರೆ. ಆ ‘ಮತ್ತೆ’ ಮರೆತುಹೋಗುವುದೇ ಹೆಚ್ಚು.

ಚುಚ್ಚದೆಯೇ ಸದಾ ತೋರಿಸುವ ಸೆನ್ಸರ್ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಸಿಜಿಎಂ ಅನ್ನು ಕೇಂಬ್ರಿಜ್‌ನ ಕ್ಯಾಥ್ರಿನ್ ಬೇರ್ಡ್‌ಸಾಲ್ ಮತ್ತು ತಂಡದವರು 1,200 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ ಶಿಶುಗಳ ತೊಡೆಗೆ ಅಳವಡಿಸಿ ನೋಡಿದರು. 180 ಮಕ್ಕಳ ಆ ‘ರಿಯಾಕ್ಟ್’ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಸಕ್ಕರೆ ಹದದಲ್ಲಿದ್ದ ಸಮಯ 84ರಿಂದ 94 ಶೇಕಡಾಕ್ಕೆ ಏರಿತು, ಕುಸಿತ ಕಡಿಮೆಯಾಯಿತು. ಭರವಸೆಯ ಸುದ್ದಿ. ಆದರೆ ಅದು ವಾರ್ಡಿನ ಕಥೆ. ಸೆನ್ಸರ್ ಅಳೆಯುವುದು ಚರ್ಮದಡಿಯ ನೀರಿನ ಸಕ್ಕರೆಯನ್ನು, ರಕ್ತಕ್ಕಿಂತ ಹಲವು ನಿಮಿಷ ಹಿಂದೆ. ಆಪರೇಷನ್ನಿನಲ್ಲಿ ಮೈ ತಣ್ಣಗಾಗಿ, ರಕ್ತದೊತ್ತಡ ಇಳಿದು, ಚರ್ಮ ಊದಿಕೊಂಡಾಗ ಆ ಅಂತರ ಇನ್ನೂ ಹಿಗ್ಗಬಹುದು. ರಕ್ತನಾಳ ಸುಡುವ ವಿದ್ಯುತ್ ಉಪಕರಣದ ಬಳಿ ಸೆನ್ಸರ್ ಓದುವುದನ್ನು ನೆಚ್ಚಿಕೊಳ್ಳಲಾಗದು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಸೂಚನೆ ಅದರಿಂದ ಸಿಗಲಿ, ಪಂಪಿನ ಮೇಲೆ ಕೈಯಿಡುವ ಮೊದಲು ರಕ್ತದ ಹನಿಯನ್ನೇ ಕೇಳಬೇಕು.

ಕರ್ನಾಟಕದ ಮಾತಿಗೆ ಬಂದರೆ, ಆಪರೇಷನ್ ಎಂದು ಯಾರೂ ಅಂದುಕೊಳ್ಳದ ಒಂದು ಚಿಕಿತ್ಸೆಯನ್ನು ನೆನೆಯಬೇಕು. ಬೇಗ ಹುಟ್ಟಿದ ಮಕ್ಕಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರುವ ಆರ್‌ಒಪಿ ಎಂಬ ಕಾಯಿಲೆಯಿದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಎನ್‌ಐಸಿಯುಗಳಿಗೆ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ನಮ್ಮ ರಾಜ್ಯ ದೇಶಕ್ಕೆ ತೋರಿಸಿಕೊಟ್ಟ ದಾರಿಯಿದು. ಕಾಯಿಲೆ ಮುಂದುವರಿದಿದ್ದರೆ ಲೇಸರ್ ಚಿಕಿತ್ಸೆ. ಚಾಕು ಇಲ್ಲ, ರಕ್ತವಿಲ್ಲ, ಹಲವೆಡೆ ಪೂರ್ಣ ಅರಿವಳಿಕೆಯೂ ಇಲ್ಲ. ಆದರೆ ಹಾಲು ನಿಲ್ಲಿಸಿರುತ್ತಾರೆ, ಊರಿಂದ ಊರಿಗೆ ಪ್ರಯಾಣ ಆಗಿರುತ್ತದೆ, ಎರಡೂ ಕಣ್ಣಿಗೆ ಲೇಸರ್ ಮುಗಿಯಲು ಗಂಟೆ ಮೀರಬಹುದು, ಮಗು ಅತ್ತು ಸುಸ್ತಾಗಿರುತ್ತದೆ. ಒಂದೂವರೆ ಕಿಲೋ ಕೂಸಿಗೆ ಇದು ದೊಡ್ಡ ಆಪರೇಷನ್ನಿಗೆ ಕಡಿಮೆಯಲ್ಲ. ಇಲ್ಲೂ ಮೊದಲು, ನಡುವೆ, ಕೊನೆಗೆ ಸಕ್ಕರೆ ನೋಡಬೇಕು.

ಕನ್ಸೆಂಟ್ ಫಾರ್ಮಿಗೆ ಸಹಿ ಹಾಕುವಾಗ ತಂದೆತಾಯಿ ನಡುಗುತ್ತಿರುತ್ತಾರೆ, ಏನು ಕೇಳಬೇಕೆಂದೂ ತೋಚದು. ಕೇಳಬಹುದಾದ್ದು ಇಷ್ಟು: ಹಾಲು ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಗ್ಲೂಕೋಸ್ ಹೋಗುತ್ತದೆಯೇ, ಆಪರೇಷನ್ ತಡವಾದರೆ ಯಾರು ನೋಡುತ್ತಾರೆ, ಒಳಗೆ ಎಷ್ಟು ಹೊತ್ತಿಗೊಮ್ಮೆ ಸಕ್ಕರೆ ಪರೀಕ್ಷಿಸುತ್ತಾರೆ. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳು ಇಷ್ಟವೇ ಆಗುತ್ತವೆ. ಅಜ್ಜಿಯರಲ್ಲಿ ಒಂದು ಬೇಡಿಕೆ: ಹಸಿದಿದೆ ಎಂಬ ಅಂತಃಕರಣದಿಂದ ಬೆರಳಿಗೆ ಜೇನು ಸವರಿ ಬಾಯಿಗಿಡಬೇಡಿ. ಅದು ಶ್ವಾಸಕೋಶಕ್ಕಿಳಿಯಬಹುದು, ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ವಿಷ ವರ್ಷ ತುಂಬದ ಯಾವ ಮಗುವಿಗೂ ಆಗದು.

ಹೊಲಿಗೆ ಮುಗಿದು ಮುಸುಕು ತೆಗೆದಾಗ ಕೋಣೆಯ ಬಿಗಿ ಸಡಿಲುತ್ತದೆ. ಸಕ್ಕರೆಯ ಮಟ್ಟಿಗೆ ಮಾತ್ರ ಇದು ಇನ್ನೊಂದು ಇಳಿಜಾರಿನ ಶುರು. ಅಡ್ರಿನಲಿನ್‌ನ ಅಬ್ಬರ ಇಳಿಯುತ್ತದೆ. ಆಪರೇಷನ್ ನಡುವೆ ಏರಿತ್ತೆಂದು ಪಂಪಿನ ವೇಗ ತಗ್ಗಿಸಿದ್ದರೆ ಅದು ಹಾಗೇ ಉಳಿದಿರುತ್ತದೆ. ಎನ್‌ಐಸಿಯು ತಲುಪಿದ ಕೂಡಲೇ ಒಮ್ಮೆ, ರಾತ್ರಿಯಿಡೀ ಮತ್ತೆ ಮತ್ತೆ ಬೆಚ್ಚಗಿನ ಬಟ್ಟೆಯಿಂದ ಹಿಮ್ಮಡಿ ಸುತ್ತಿ, ಅಂಚಿನಲ್ಲಿ ಚುಚ್ಚಿ, ಅಂಕಿಯನ್ನೂ ಹೊತ್ತನ್ನೂ ಚಾರ್ಟಿನಲ್ಲಿ ಬರೆಯುತ್ತಾರೆ. ಕರುಳು ಕೆಲಸ ಶುರುಮಾಡಿದ ದಿನ ತಾಯಿ ಹಿಂಡಿಕೊಟ್ಟ ಹಾಲಿನಲ್ಲಿ ಒಂದು ಮಿಲಿಲೀಟರ್ ಮೂಗಿನ ಕೊಳವೆಯಿಂದ ಹೊಟ್ಟೆಗೆ ಇಳಿಯುತ್ತದೆ. ಮಾರನೆಯ ದಿನ ಎರಡು. ಹಾಲು ಏರಿದಷ್ಟೂ ಪಂಪಿನ ಹನಿಯನ್ನು ಇಳಿಸುತ್ತ ಬರುತ್ತಾರೆ. ಗಂಟೆಗೆ ಮೂರು ಮಿಲಿಲೀಟರ್ ಇದ್ದದ್ದು ಎರಡಾಗಿ, ಒಂದಾಗಿ, ಒಂದು ದಿನ ಬೆಳಿಗ್ಗೆ ಕೈಯಿಂದ ಸೂಜಿ ಬಿಚ್ಚಿ ಆ ಜಾಗಕ್ಕೆ ಹತ್ತಿ ಒತ್ತಿ ಹಿಡಿಯುತ್ತಾರೆ.